ಹಾಲು ಒಗ್ಗದ ಕೂಸು: ಮನೆಮಂದಿಯೆಲ್ಲ ಕಲಿಯಬೇಕಾದ ಪಾಠ

ನಮ್ಮ ಸಂಚಿಕೆಗೆ ವಾಣಿಜ್ಯ ವಿಭಾಗದವರು ಸಾಮಾನ್ಯವಾಗಿ ಜಿ.ಎಸ್.ಟಿ., ಬ್ಯಾಂಕಿಂಗ್ ಅಥವಾ ಷೇರು ಮಾರುಕಟ್ಟೆಯ ಬಗ್ಗೆ ಬರೆಯುತ್ತಾರೆ. ನಾನು ಈ ಬಾರಿ ಒಂದು ಮಗುವಿನ ಊಟದ ಬಗ್ಗೆ ಬರೆಯುತ್ತಿದ್ದೇನೆ. ಹೆರಿಗೆಗೆ ತವರಿಗೆ ಬಂದ ನನ್ನ ಆಪಾಳ ಮಗನಿಗೆ ಹಸುವಿನ ಹಾಲಿನ ಪ್ರೋಟೀನ್ ಒಗ್ಗುವುದಿಲ್ಲ. ಎಂಟನೇ ತಿಂಗಳಲ್ಲಿ ಮೊಟ್ಟೆಯೂ ಒಗ್ಗುವುದಿಲ್ಲವೆಂದು ಗೊತ್ತಾಯಿತು. ಒಂದು ವರ್ಷದಿಂದ ನಮ್ಮ ಮನೆಯವರೆಲ್ಲ ಇದೇ ವಿಷಯದ ವಿದ್ಯಾರ್ಥಿಗಳು. ನಾವು ಕಲಿತದ್ದು ಬೇರೆ ಮನೆಗಳಿಗೂ ಉಪಯೋಗವಾಗಲಿ ಎಂದು ಇದನ್ನು ಪಾಠದ ರೂಪದಲ್ಲಿ ಬರೆದಿದ್ದೇನೆ. ಇದು ಡಾಕ್ಟರ ಸಲಹೆಗೆ ಬದಲಿಯಲ್ಲ. ಡಾಕ್ಟರು ಹೇಳಿದ್ದು ಅರ್ಥವಾಗಲು ಒಂದು ಸಹಾಯ, ಅಷ್ಟೆ.

ಅಲರ್ಜಿ ಎಂದರೇನು?

ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯ ಕೆಲಸ ರೋಗಾಣುಗಳನ್ನು ಗುರುತಿಸಿ ಎದುರಿಸುವುದು. ಕೆಲವರಲ್ಲಿ ಅದು ಹಾನಿಯಿಲ್ಲದ ಆಹಾರದ ಪ್ರೋಟೀನನ್ನೂ ಶತ್ರುವೆಂದು ತಿಳಿದು ಎದುರಿಸುತ್ತದೆ. ಇದೇ ಆಹಾರದ ಅಲರ್ಜಿ. 'ಅಲರ್ಜಿ' ಎಂಬ ಪದವನ್ನು 1906ರಲ್ಲಿ ಮೊದಲು ಬಳಸಿದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ವಾನ್ ಪಿರ್ಕೆ. ಅದಕ್ಕೂ ಮೊದಲು, 1902ರಲ್ಲಿ, ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಇಡೀ ದೇಹವನ್ನೇ ಆವರಿಸುವ ತೀವ್ರ ಪ್ರತಿಕ್ರಿಯೆಗೆ 'ಅನಾಫಿಲ್ಯಾಕ್ಸಿಸ್' ಎಂದು ಹೆಸರಿಟ್ಟರು. ಈ ಕೆಲಸಕ್ಕಾಗಿ ರಿಶೆಗೆ 1913ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಆಹಾರದ ಅಲರ್ಜಿಯಲ್ಲಿ ಮುಖ್ಯವಾಗಿ ಎರಡು ಬಗೆ ಇವೆ.

ಮೊದಲನೆಯದು ತಕ್ಷಣದ ಬಗೆ. ಇದರಲ್ಲಿ ಐಜಿಇ ಎಂಬ ಪ್ರತಿಕಾಯದ ಪಾತ್ರವಿದೆ. ತಿಂದ ಕೆಲವು ನಿಮಿಷಗಳಿಂದ ಸುಮಾರು ಎರಡು ಗಂಟೆಯೊಳಗೆ ಮೈಮೇಲೆ ದದ್ದು, ತುಟಿಯಲ್ಲಿ ಊತ, ವಾಂತಿ, ಉಸಿರಾಟದ ತೊಂದರೆ ಕಾಣಿಸಬಹುದು. ನಮ್ಮ ಮಗುವಿಗೆ ಮೊಟ್ಟೆಯಿಂದ ಆದದ್ದು ಇದೇ. ಎರಡು ಚಮಚ ತಿನ್ನಿಸಿ ಕಾಲು ಗಂಟೆಯಾಗುವಷ್ಟರಲ್ಲಿ ಮುಖವೆಲ್ಲ ಕೆಂಪಾಗಿ ತುಟಿ ಊದಿಕೊಂಡಿತು.

ಎರಡನೆಯದು ತಡವಾದ ಬಗೆ. ಇದರಲ್ಲಿ ಐಜಿಇ ಪಾತ್ರ ಇಲ್ಲ. ಲಕ್ಷಣಗಳು ಹಲವು ಗಂಟೆ ಅಥವಾ ಒಂದೆರಡು ದಿನ ಬಿಟ್ಟು ಬರುತ್ತವೆ: ಮಲದಲ್ಲಿ ಲೋಳೆ ಅಥವಾ ರಕ್ತದ ಗೆರೆ, ವಾಂತಿ, ಭೇದಿ, ತೂಕ ಏರದಿರುವುದು. ಮಗುವಿಗೆ ಆರು ವಾರವಾಗಿದ್ದಾಗ ಆಪಾ ಬಟ್ಟೆಯಲ್ಲಿ ರಕ್ತದ ಗೆರೆ ಕಂಡಳು. ಚರ್ಮದ ಪರೀಕ್ಷೆ ಮತ್ತು ಐಜಿಇ ರಕ್ತಪರೀಕ್ಷೆ ಈ ಬಗೆಯನ್ನು ಹಿಡಿಯಲಾರವು. ಆಹಾರವನ್ನು ಕೆಲವು ವಾರ ನಿಲ್ಲಿಸಿ ನೋಡುವುದು, ಆಮೇಲೆ ಡಾಕ್ಟರ ಸಲಹೆಯಂತೆ ಮತ್ತೆ ಕೊಟ್ಟು ನೋಡುವುದು, ಇದೇ ಇಲ್ಲಿ ಪರೀಕ್ಷೆ.

ಸಕ್ಕರೆ ಬೇರೆ, ಪ್ರೋಟೀನ್ ಬೇರೆ

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ, ಪ್ರೋಟೀನ್ ಕೂಡ ಇದೆ. ಪ್ರೋಟೀನಿನಲ್ಲಿ ಸುಮಾರು ಶೇ. 80 ಕೇಸೀನ್, ಉಳಿದದ್ದು ವ್ಹೇ. ಲ್ಯಾಕ್ಟೋಸ್ ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವುದು ಒಂದು ಸಮಸ್ಯೆ. ಪ್ರೋಟೀನಿಗೆ ಅಲರ್ಜಿ ಇರುವುದು ಬೇರೆಯೇ ಸಮಸ್ಯೆ. ಜನ ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಲ್ಯಾಕ್ಟೋಸ್ ರಹಿತ ಹಾಲಿನಲ್ಲಿ ಸಕ್ಕರೆಯನ್ನು ಮಾತ್ರ ಒಡೆದಿರುತ್ತಾರೆ, ಪ್ರೋಟೀನ್ ಹಾಗೆಯೇ ಇರುತ್ತದೆ. ಆದ್ದರಿಂದ ಅಲರ್ಜಿ ಇರುವ ಮಗುವಿಗೆ ಅದರಿಂದ ಪ್ರಯೋಜನವಿಲ್ಲ.

'ಮೇಕೆ ಹಾಲು ಕೊಡಿ, ಸರಿಹೋಗುತ್ತದೆ' ಎಂದು ನಮಗೆ ಎಷ್ಟೋ ಜನ ಹೇಳಿದರು. ಹಸು, ಎಮ್ಮೆ ಮತ್ತು ಮೇಕೆ ಹಾಲಿನ ಪ್ರೋಟೀನುಗಳು ಒಂದಕ್ಕೊಂದು ಬಹಳ ಹೋಲುತ್ತವೆ. ಹಸುವಿನ ಹಾಲು ಒಗ್ಗದ ಹೆಚ್ಚಿನ ಮಕ್ಕಳಿಗೆ ಮೇಕೆ ಹಾಲೂ ಒಗ್ಗುವುದಿಲ್ಲ.

ತಾಯಿಯ ತಟ್ಟೆ

ಮಗು ತಾಯಿಯ ಹಾಲು ಮಾತ್ರ ಕುಡಿಯುತ್ತಿತ್ತು. ಹಾಗಿದ್ದರೆ ಹಸುವಿನ ಹಾಲು ಎಲ್ಲಿಂದ ಬಂತು? ತಾಯಿ ಸೇವಿಸುವ ಹಾಲಿನ ಪ್ರೋಟೀನಿನ ಅತಿ ಸಣ್ಣ ಅಂಶ ಅವಳ ಎದೆಹಾಲಿಗೂ ಸೇರುತ್ತದೆ. ಹೆಚ್ಚಿನ ಮಕ್ಕಳಿಗೆ ಅದರಿಂದ ಏನೂ ಆಗುವುದಿಲ್ಲ. ಕೆಲವೇ ಮಕ್ಕಳಿಗೆ ಅಷ್ಟೂ ತೊಂದರೆ ಕೊಡುತ್ತದೆ.

ಈ ವಿಷಯ ತಿಳಿದಾಗ ನೆಂಟರಲ್ಲಿ ಕೆಲವರು ಆಪಾಳಿಗೆ 'ನಿನ್ನ ಹಾಲೇ ಸರಿಯಿಲ್ಲ, ನಿಲ್ಲಿಸಿಬಿಡು' ಎಂದರು. ಅವಳು ಎರಡು ದಿನ ಊಟ ಬಿಟ್ಟು ಅತ್ತಳು. ಡಾಕ್ಟರು ಹೇಳಿದ್ದು ಅದಕ್ಕೆ ತೀರಾ ವಿರುದ್ಧ. ಎದೆಹಾಲು ನಿಲ್ಲಿಸಬೇಡಿ, ಅದೇ ಮಗುವಿಗೆ ಉತ್ತಮ. ತಾಯಿಯ ಊಟದಿಂದ ಹಾಲಿನ ಪದಾರ್ಥ ತೆಗೆಯಿರಿ. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಪನೀರ್, ಖೋವಾ ಎಲ್ಲವೂ ಹೋದವು. ನಮ್ಮಂಥ ಮನೆಯಲ್ಲಿ ಇದು ಸುಲಭವಲ್ಲ. ಬಿರಿಯಾನಿಯ ಮಾಂಸಕ್ಕೆ ಮೊಸರು ಬೇಕು, ಪಕ್ಕದಲ್ಲಿ ರಾಯ್ತಾ ಬೇಕು, ಈದ್ ದಿನ ಶೀರ್ ಖುರ್ಮಾ ಬೇಕು. ಅಮ್ಮಿ ಮೊಸರಿನ ಬದಲು ಟೊಮೆಟೊ ಮತ್ತು ನಿಂಬೆರಸ ಹಾಕಿದರು. ದಾಲ್ಚಾ, ಎಣ್ಣೆಯಲ್ಲಿ ಮಾಡಿದ ಖುಷ್ಕಾ, ತೆಂಗಿನ ಹಾಲಿನ ಶಾವಿಗೆ ಪಾಯಸ ಮನೆಯ ಊಟವಾದವು. ಇಬ್ಬರಿಗೆ ಬೇರೆ, ಉಳಿದವರಿಗೆ ಬೇರೆ ಎಂದು ಮಾಡದೆ ಎಲ್ಲರೂ ಅದನ್ನೇ ತಿಂದೆವು. ಆಪಾ ಒಬ್ಬಳೇ ಮೂಲೆಯಲ್ಲಿ ಕೂತು ಪಥ್ಯ ಮಾಡುವುದು ತಪ್ಪಿತು.

ಹಾಲು ಬಿಟ್ಟ ತಾಯಿಗೆ ಕ್ಯಾಲ್ಸಿಯಂ ಎಲ್ಲಿಂದ? ಹಾಲೂಡಿಸುವ ತಾಯಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕೆಂದು ನಮ್ಮ ದೇಶದ ಪೋಷಣಾ ಮಾರ್ಗಸೂಚಿ ಹೇಳುತ್ತದೆ. ಕನ್ನಡ ನಾಡಿನ ರಾಗಿ ಇಲ್ಲಿ ಕೈಹಿಡಿಯುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಎಳ್ಳು, ನುಗ್ಗೆಸೊಪ್ಪು, ಮುಳ್ಳುಸಮೇತ ತಿನ್ನುವ ಸಣ್ಣ ಮೀನು ಕೂಡ ಒಳ್ಳೆಯವು. ಇಷ್ಟಾದರೂ ಸಾಲದೆ ಬರಬಹುದು. ಆಪಾ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನೂ ತೆಗೆದುಕೊಂಡಳು.

ರಮಜಾನ್ ಬಂದಾಗ ಉಪವಾಸದ ಪ್ರಶ್ನೆ ಎದ್ದಿತು. ತನಗೆ ಅಥವಾ ಮಗುವಿಗೆ ತೊಂದರೆಯಾದೀತೆಂಬ ಭಯವಿರುವ ಹಾಲೂಡಿಸುವ ತಾಯಿಗೆ ಇಸ್ಲಾಮಿನಲ್ಲಿ ಉಪವಾಸದಿಂದ ವಿನಾಯಿತಿ ಇದೆ. ನಮ್ಮ ಮಸೀದಿಯ ಇಮಾಮ್ ಸಾಹೇಬರೂ ಇದನ್ನೇ ಹೇಳಿದ ಮೇಲೆ ಮನೆಯಲ್ಲಿ ಚರ್ಚೆ ನಿಂತಿತು.

ಊಟಕ್ಕೊಂದು ಜರ್ನಲ್

ಡಾಕ್ಟರು ಆಹಾರದ ದಿನಚರಿ ಬರೆಯಲು ಹೇಳಿದಾಗ ಆ ಕೆಲಸ ನನ್ನ ಪಾಲಿಗೆ ಬಂತು. ಲೆಕ್ಕಶಾಸ್ತ್ರದ ಜರ್ನಲ್‌ನಂತೆ ಗೆರೆ ಎಳೆದೆ. ದಿನಾಂಕ, ಸಮಯ, ತಾಯಿ ತಿಂದದ್ದು, ಮಗು ತಿಂದದ್ದು, ಲಕ್ಷಣ, ಎಷ್ಟು ಹೊತ್ತಿನ ನಂತರ, ಮಲದ ಬಣ್ಣ, ನಿದ್ದೆ. ವಾರಕ್ಕೊಮ್ಮೆ ತೂಕ.

ಇದರಲ್ಲಿ ಎರಡು ನಿಯಮ ಮುಖ್ಯ. ನಡೆದದ್ದನ್ನು ಅದೇ ದಿನ ಬರೆಯಬೇಕು. ನೆನಪಿನಿಂದ ಬರೆದ ಲೆಕ್ಕ ತಾಳೆಯಾಗುವುದಿಲ್ಲ. ಒಂದು ಸಲಕ್ಕೆ ಒಂದೇ ಹೊಸ ಆಹಾರ ಕೊಡಬೇಕು. ಎರಡು ಕೊಟ್ಟರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಹಾಲು ನಿಲ್ಲಿಸಿ ಎರಡು ವಾರಕ್ಕೆ ರಕ್ತ ನಿಂತಿತು. ನಾಲ್ಕು ವಾರದ ನಂತರ ಡಾಕ್ಟರು ಹೇಳಿದಂತೆ ಆಪಾ ಮತ್ತೆ ಮೊಸರು ತಿಂದಳು. ಮೂರನೇ ದಿನ ರಕ್ತ ಕಾಣಿಸಿತು. ಆಗ ಕಾರಣ ಖಚಿತವಾಯಿತು. ಈ ಪುಸ್ತಕ ಇಲ್ಲದಿದ್ದರೆ ಗೋಧಿ, ಮೀನು, ಬೇಳೆ ಎಂದು ಅನುಮಾನ ಬಂದದ್ದನ್ನೆಲ್ಲ ಬಿಡಿಸುತ್ತಿದ್ದರು. ಆಪಾ ಆಗಲೇ ಸೊರಗಿದ್ದಳು. ಕಾರಣವಿಲ್ಲದೆ ಆಹಾರ ಬಿಡಿಸುವುದರಿಂದ ತಾಯಿಗೂ ನಷ್ಟ, ಮಗುವಿಗೂ ನಷ್ಟ.

ಲೇಬಲ್ ಮತ್ತು ಕಾನೂನು

ವಾಣಿಜ್ಯ ವಿದ್ಯಾರ್ಥಿಗಳಿಗೆ ಈ ಭಾಗ ಪಠ್ಯಕ್ಕೂ ಸೇರುತ್ತದೆ. ಗ್ರಾಹಕನಿಗೆ ಮಾಹಿತಿ ಪಡೆಯುವ ಹಕ್ಕು ಇದೆ ಎಂದು ಓದುತ್ತೇವೆ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮಗಳ ಪ್ರಕಾರ ಪ್ಯಾಕ್ ಮಾಡಿದ ಆಹಾರದಲ್ಲಿ ಈ ಅಲರ್ಜಿಕಾರಕಗಳಿದ್ದರೆ ಅದನ್ನು ಲೇಬಲ್ ಮೇಲೆ ಪ್ರತ್ಯೇಕವಾಗಿ ಹೇಳಬೇಕು: ಗ್ಲುಟನ್ ಇರುವ ಧಾನ್ಯ, ಏಡಿ-ಸಿಗಡಿ ಜಾತಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ, ಮತ್ತು ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚಿನ ಸಲ್ಫೈಟ್.

ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಬರುತ್ತದೆ. ಹಾಲು ಬೇರೆ ಬೇರೆ ಹೆಸರಿನಲ್ಲಿ ಕೂತಿರುತ್ತದೆ: ಮಿಲ್ಕ್ ಸಾಲಿಡ್ಸ್, ವ್ಹೇ ಪೌಡರ್, ಕೇಸೀನ್, ಸೋಡಿಯಂ ಕೇಸಿನೇಟ್. ಬಿಸ್ಕತ್ತು, ಬ್ರೆಡ್, ಚಿಪ್ಸ್ ಮಸಾಲೆ, ಸೂಪ್ ಪುಡಿಗಳಲ್ಲೂ ಇವು ಸಿಗುತ್ತವೆ. ಬೇಕರಿಯಲ್ಲಿ ಬಿಡಿಯಾಗಿ ಮಾರುವ ಬನ್, ರಸ್ಕ್‌ಗಳಿಗೆ ಇಂಥ ಲೇಬಲ್ ಇರುವುದಿಲ್ಲ. ಅಲ್ಲಿ ಕೇಳಿಯೇ ಕೊಳ್ಳಬೇಕು, ಖಚಿತ ಉತ್ತರ ಸಿಗದಿದ್ದರೆ ಬಿಡಬೇಕು. ಲೇಬಲ್‌ನಲ್ಲಿ ತಪ್ಪು ಮಾಹಿತಿ ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಇನ್ನೊಂದು ಕಾನೂನು 1992ರ ಶಿಶು ಹಾಲಿನ ಬದಲಿ ಪದಾರ್ಥಗಳ ಕಾಯ್ದೆ. ಶಿಶುಗಳ ಹಾಲಿನ ಪುಡಿಗೆ ಜಾಹೀರಾತು ಕೊಡುವುದನ್ನು ಇದು ನಿಷೇಧಿಸುತ್ತದೆ. ಹೆದರಿದ ತಾಯಂದಿರು ಜಾಹೀರಾತು ನೋಡಿ ಎದೆಹಾಲು ಬಿಡಬಾರದು ಎಂಬುದು ಇದರ ಉದ್ದೇಶ.

ಖರ್ಚಿನ ಲೆಕ್ಕ

ಎದೆಹಾಲು ಸಿಗದ ಅಲರ್ಜಿ ಮಗುವಿಗೆ ವಿಶೇಷ ಪುಡಿ ಬೇಕಾಗುತ್ತದೆ. ಪ್ರೋಟೀನನ್ನು ಸಣ್ಣ ತುಂಡುಗಳಾಗಿ ಒಡೆದ ಪುಡಿ ಒಂದು. ತೀರಾ ಕಷ್ಟವಿರುವವರಿಗೆ ಅಮೈನೋ ಆಮ್ಲದ ಪುಡಿ ಇನ್ನೊಂದು. ನಾನು ಒಂದು ಲೆಕ್ಕ ಹಾಕಿದೆ. 100 ಮಿಲಿ ಹಾಲಿಗೆ ಸುಮಾರು 13 ಗ್ರಾಂ ಪುಡಿ ಬೇಕು. 400 ಗ್ರಾಂ ಡಬ್ಬದಿಂದ ಸುಮಾರು 3 ಲೀಟರ್ ಆಗುತ್ತದೆ. ಮಗು ದಿನಕ್ಕೆ 800 ಮಿಲಿ ಕುಡಿದರೆ ಡಬ್ಬ ನಾಲ್ಕು ದಿನವೂ ಬರುವುದಿಲ್ಲ. ತಿಂಗಳಿಗೆ ಎಂಟು ಡಬ್ಬ. ಇದರ ಬೆಲೆ ಸಾಮಾನ್ಯ ಪುಡಿಯ ಹಲವು ಪಟ್ಟು. ದಿನಗೂಲಿಯ ಮನೆಗೆ ಇದು ಸಾಧ್ಯವೇ? ಪುಡಿ ಹೆಚ್ಚು ದಿನ ಬರಲಿ ಎಂದು ನೀರು ಹೆಚ್ಚು ಬೆರೆಸಿದರೆ ಮಗು ಸೊರಗುತ್ತದೆ. ಈ ಲೆಕ್ಕ ನೋಡಿದ ಮೇಲೆ, ಆಪಾ ಎದೆಹಾಲು ಮುಂದುವರಿಸಲು ಮನೆಯವರು ಕೊಡುವ ಒಂದೊಂದು ಸಹಾಯದ ಬೆಲೆಯೂ ನನಗೆ ಅರ್ಥವಾಯಿತು. ರಾತ್ರಿ ಮಗುವನ್ನು ಎತ್ತಿಕೊಳ್ಳುವುದು, ಅವಳಿಗೆ ಬಿಸಿ ಊಟ ಬಡಿಸುವುದು, ಒಂದು ಗಂಟೆ ಮಲಗಲು ಬಿಡುವುದು ಯಾವ ಲೆಕ್ಕಪುಸ್ತಕದಲ್ಲೂ ಬರುವುದಿಲ್ಲ.

ತುರ್ತು ಸಮಯದಲ್ಲಿ

ದದ್ದಿನ ಜೊತೆಗೆ ಉಸಿರಾಟದಲ್ಲಿ ಶಬ್ದ, ಸತತ ಕೆಮ್ಮು, ಧ್ವನಿ ಬದಲಾವಣೆ, ಮತ್ತೆ ಮತ್ತೆ ವಾಂತಿ, ಮಗು ಮಂಕಾಗಿ ಜೋತುಬೀಳುವುದು ಕಂಡರೆ ಅದು ಅನಾಫಿಲ್ಯಾಕ್ಸಿಸ್ ಇರಬಹುದು. ಇದಕ್ಕೆ ಮೊದಲ ಔಷಧಿ ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿಯ ಸಿರಪ್ ಕುಡಿಸಿ ಕಾಯುತ್ತಾ ಕೂರಬಾರದು. ಮಗುವನ್ನು ಮಲಗಿಸಿ ಇಲ್ಲವೇ ತೊಡೆಯ ಮೇಲೆ ಇಟ್ಟುಕೊಂಡು 108ಕ್ಕೆ ಕರೆ ಮಾಡಬೇಕು. ನಮ್ಮ ಅಡಿಗೆಮನೆಯ ಗೋಡೆಗೆ ಈ ಲಕ್ಷಣಗಳನ್ನು ಉರ್ದು ಮತ್ತು ಕನ್ನಡದಲ್ಲಿ ಬರೆದು ಅಂಟಿಸಿದ್ದೇನೆ. ನಾನಿಗೆ ಉರ್ದು ಓದಲು ಬರುತ್ತದೆ, ಕೆಲಸಕ್ಕೆ ಬರುವ ಅಕ್ಕನಿಗೆ ಕನ್ನಡ.

ಹೆದರಿ ಎಲ್ಲವನ್ನೂ ತಡಮಾಡಬೇಕೇ?

ಬೇಡ. ಲಂಡನ್ನಿನಲ್ಲಿ ಗಿಡಿಯನ್ ಲ್ಯಾಕ್ ಅವರ ತಂಡ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಶಿಶುಗಳಿದ್ದರು. ಅರ್ಧ ಮಕ್ಕಳಿಗೆ ಚಿಕ್ಕಂದಿನಿಂದಲೇ ಕಡಲೆಕಾಯಿ ಪದಾರ್ಥ ಕೊಟ್ಟರು, ಉಳಿದವರಿಗೆ ಐದು ವರ್ಷದವರೆಗೆ ಕೊಡಲಿಲ್ಲ. ತಿಂದ ಗುಂಪಿನಲ್ಲಿ ಶೇ. 3.2, ತಿನ್ನದ ಗುಂಪಿನಲ್ಲಿ ಶೇ. 17.2 ಮಕ್ಕಳಿಗೆ ಕಡಲೆಕಾಯಿ ಅಲರ್ಜಿ ಬಂತು. ಅಂದರೆ ಭಯದಿಂದ ತಡಮಾಡುವುದೇ ಅಪಾಯ ಹೆಚ್ಚಿಸಬಹುದು. ಅಲರ್ಜಿಯ ಗುರುತು ಈಗಾಗಲೇ ಇರುವ ಮಗುವಿಗೆ ಡಾಕ್ಟರನ್ನು ಕೇಳಿ ಕೊಡಬೇಕು, ಇಡೀ ಬೀಜ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುವುದರಿಂದ ಕೊಡಲೇಬಾರದು. ನಮ್ಮ ಮಗುವಿಗೆ ಆರು ತಿಂಗಳ ನಂತರ ರಾಗಿ ಸರಿ, ಅನ್ನ-ಬೇಳೆ, ಬಾಳೆಹಣ್ಣು, ಖರ್ಜೂರದ ಪೇಸ್ಟ್, ಮೆತ್ತಗೆ ಬೇಯಿಸಿದ ಮಾಂಸ ಒಂದೊಂದಾಗಿ ಬಂದವು.

ನೆಂಟರು, ಗೆಳೆಯರು ಮಾಡಬಹುದಾದದ್ದು

ದಾವತ್‌ಗೆ ಹೋದಾಗ 'ಒಂದು ಚಮಚದಿಂದ ಏನಾಗುತ್ತದೆ' ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಒಂದು ಚಮಚ ಎಂಟನೇ ತಿಂಗಳಲ್ಲಿ ಏನು ಮಾಡಿತೆಂದು ನಾವು ಕಂಡಿದ್ದೇವೆ. ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಬೇರೆಯವರ ಮಗುವಿನ ಬಾಯಿಗೆ ಕೇಳದೆ ಏನನ್ನೂ ಇಡಬೇಡಿ. ಒಂದು ವರ್ಷದೊಳಗಿನ ಯಾವ ಮಗುವಿಗೂ ಜೇನು ಬೇಡ. ಅದು ಅಲರ್ಜಿಯ ವಿಷಯವಲ್ಲ, ಬೊಟುಲಿಸಂ ಎಂಬ ಕಾಯಿಲೆಯ ಭಯದಿಂದ. ಮಗು ನೆಕ್ಕಿದ ಚಮಚ, ಹಾಲು ಕುಡಿದ ಬಾಯಿಂದ ಕೊಡುವ ಮುತ್ತು ಕೂಡ ಕೆಲವು ಮಕ್ಕಳಿಗೆ ತೊಂದರೆ ಕೊಡಬಹುದು, ಕೈ ಬಾಯಿ ತೊಳೆದು ಎತ್ತಿಕೊಳ್ಳಿ. ತಾಯಿಯನ್ನು ಮಾತ್ರ ದೂರಬೇಡಿ.

ಹಾಲಿನ ಅಲರ್ಜಿ ಇರುವ ಹೆಚ್ಚಿನ ಮಕ್ಕಳು ಶಾಲೆಗೆ ಸೇರುವ ಹೊತ್ತಿಗೆ ಅದನ್ನು ದಾಟುತ್ತಾರೆ ಎಂದು ಡಾಕ್ಟರು ಹೇಳಿದ್ದಾರೆ. ಆಪಾಳ ಮಗನಿಗೆ ಈಗ ಹದಿನಾಲ್ಕು ತಿಂಗಳು. ತೂಕದ ಗೆರೆ ಸರಿಯಾಗಿ ಏರುತ್ತಿದೆ. ಮುಂದಿನ ತಿಂಗಳು ಆಸ್ಪತ್ರೆಯಲ್ಲಿ, ಡಾಕ್ಟರ ಎದುರಿನಲ್ಲಿ, ಬೇಯಿಸಿದ ಪದಾರ್ಥದಲ್ಲಿ ಸ್ವಲ್ಪ ಹಾಲು ಕೊಟ್ಟು ನೋಡುತ್ತಾರೆ. ನಿಮ್ಮ ದುವಾದಲ್ಲಿ ಅವನನ್ನೂ ನೆನೆಯಿರಿ.