ಚಾಂಗಾನಿನ ವಿದ್ಯಾರ್ಥಿ

ಕ್ರಿ.ಶ. 804ರಲ್ಲಿ ಜಪಾನಿನಿಂದ ಹೊರಟ ನಾಲ್ಕು ಹಡಗುಗಳಲ್ಲಿ ಎರಡು ಮಾತ್ರ ಚೀನದ ದಡ ಸೇರಿದವು. ಅವುಗಳಲ್ಲೊಂದರಲ್ಲಿ ಕೂಕೈ ಎಂಬ ತರುಣ ಭಿಕ್ಷುವಿದ್ದನು. ಇಪ್ಪತ್ತು ವರ್ಷ ವ್ಯಾಸಂಗ ಮಾಡಿ ಬರಬೇಕೆಂಬುದು ರಾಜಾಜ್ಞೆ.

ಇಂದು ಷಿಯಾನ್ ಎನಿಸಿರುವ ಚಾಂಗಾನ್ ಆಗ ತಾಂಗ್ ಅರಸರ ರಾಜಧಾನಿ. ಬೌದ್ಧವಿಹಾರಗಳೊಡನೆ ಪಾರಸಿಕರ ಅಗ್ನಿಮಂದಿರಗಳೂ ಅಲ್ಲಿದ್ದವು. ಕೂಕೈ ಸಂಸ್ಕೃತವನ್ನು ಕಲಿತದ್ದು ಭರತಖಂಡದ ಕಡೆಯಿಂದ ಬಂದಿದ್ದ ಪ್ರಜ್ಞನೆಂಬ ಪಂಡಿತನಿಂದ. ಅವನು ಅಭ್ಯಾಸ ಮಾಡಿದ ಸಿದ್ಧಂ ಲಿಪಿಯೂ ಬ್ರಾಹ್ಮಿಯ ಸಂತತಿಯೇ. ಕನ್ನಡ ಲಿಪಿಗೆ ಅದು ದೂರದ ದಾಯಾದಿ.

ವೃದ್ಧಗುರು ಹುಯ್‌ಗುವೊ ಕೆಲವೇ ತಿಂಗಳುಗಳಲ್ಲಿ ತನ್ನ ವಿದ್ಯೆಯೆಲ್ಲವನ್ನೂ ಅವನಿಗೆ ಧಾರೆಯೆರೆದು, ಬೇಗನೆ ತಾಯ್ನಾಡಿಗೆ ಹೋಗಿ ಇದನ್ನು ಹರಡೆಂದು ಅಪ್ಪಣೆಯಿತ್ತು ಕಣ್ಮುಚ್ಚಿದನು. ರಾಜಾಜ್ಞೆಗಿಂತ ಗುರುವಾಕ್ಯವೇ ಹಿರಿದೆನಿಸಿತು. ಕೂಕೈ 806ರಲ್ಲಿ ಮರಳಿದನು. ಆದರೆ 809ರವರೆಗೆ ರಾಜಧಾನಿಯ ಪ್ರವೇಶ ಅವನಿಗೆ ದೊರೆಯಲಿಲ್ಲ.