ಬ್ರೆಕ್ಸಿಟ್ ಅನಿಶ್ಚಿತತೆ ಮತ್ತು 2019ರ ಅವಧಿಪೂರ್ವ ಚುನಾವಣೆ

1. ಅರ್ಥ: ಬ್ರಿಟನ್ ಐರೋಪ್ಯ ಒಕ್ಕೂಟವನ್ನು ತ್ಯಜಿಸುವುದೇ ಬ್ರೆಕ್ಸಿಟ್, 2016ರ ಜೂನ್ 23ರ ಜನಮತಗಣನೆಯಲ್ಲಿ ಶೇ. 51.9ರಷ್ಟು ಮತಗಳು ನಿರ್ಗಮನದ ಪರವಾಗಿ ಬಿದ್ದುವು.

2. ಬಿಕ್ಕಟ್ಟು: 2017ರ ಜೂನ್ ಚುನಾವಣೆಯಲ್ಲಿ ಬಹುಮತವನ್ನು ಕಳೆದುಕೊಂಡ ಪ್ರಧಾನಿ ತೆರೇಸಾ ಮೇ ಅವರ ನಿರ್ಗಮನ ಒಪ್ಪಂದವು 2019ರ ಜನವರಿ 15ರಂದು ಸಂಸತ್ತಿನ ಕೆಳಮನೆಯಲ್ಲಿ 432–202 ಮತಗಳಿಂದ ತಿರಸ್ಕೃತವಾಯಿತು.

3. ತೊಡಕು: 2011ರ ನಿಶ್ಚಿತಾವಧಿ ಸಂಸತ್ತುಗಳ ಕಾಯಿದೆಯ ಮೇರೆಗೆ ಅವಧಿಪೂರ್ವ ಚುನಾವಣೆಯ ಸೂಚನೆಗೆ ಕೆಳಮನೆಯ ಒಟ್ಟು 650 ಸ್ಥಾನಗಳ ಮೂರನೆಯ ಎರಡರಷ್ಟು, ಎಂದರೆ 434 ಮತಗಳು ಅವಶ್ಯವಾಗಿದ್ದುದರಿಂದ, 2019ರ ಸೆಪ್ಟೆಂಬರ್ 4ರಂದು ಮೇ ಅವರ ನಂತರ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ಅವರ ಸೂಚನೆಯು ಪರವಾಗಿ 298, ವಿರುದ್ಧವಾಗಿ ಕೇವಲ 56 ಮತಗಳನ್ನು ಪಡೆದೂ ಬಿದ್ದುಹೋಯಿತು.

4. ಪರಿಹಾರ: ಸರಳ ಬಹುಮತವೇ ಸಾಕಾಗುವ ಪ್ರತ್ಯೇಕ ಕಾಯಿದೆ, ಚುನಾವಣೆ 2019ರ ಡಿಸೆಂಬರ್ 12, ಕನ್ಸರ್ವೇಟಿವ್ ಪಕ್ಷಕ್ಕೆ 365 ಸ್ಥಾನಗಳು.

ಗೊಂದಲಕ್ಕೆ ಎಡೆಯಾಗುವ ಅಂಶಗಳು:

• 2017ರ ಮಾರ್ಚ್ 29: ಐರೋಪ್ಯ ಒಕ್ಕೂಟ ಒಪ್ಪಂದದ 50ನೆಯ ವಿಧಿಯನ್ವಯ ನಿರ್ಗಮನದ ಸೂಚನಾಪತ್ರ, 2019ರ ಮಾರ್ಚ್ 29: ಮೊದಲು ಗೊತ್ತಾಗಿದ್ದ ನಿರ್ಗಮನ ದಿನ, 2020ರ ಜನವರಿ 31: ವಾಸ್ತವ ನಿರ್ಗಮನ.

• ಅಧಿವೇಶನದ ಮುಕ್ತಾಯ ಬೇರೆ, ಸಂಸತ್ತಿನ ವಿಸರ್ಜನೆ ಬೇರೆ. 2019ರ ಸೆಪ್ಟೆಂಬರ್ 24ರಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು ಕಾನೂನುಬಾಹಿರವೆಂದು ಸಾರಿದುದು ಜಾನ್ಸನ್ ಅವರ ಸಲಹೆಯಂತೆ ನಡೆದಿದ್ದ ಅಧಿವೇಶನದ ಮುಕ್ತಾಯವನ್ನು.

• 2011ರ ಕಾಯಿದೆ ಈಗ ಜಾರಿಯಲ್ಲಿಲ್ಲ. 2022ರಲ್ಲಿ ಅದು ರದ್ದಾಯಿತು.

ಅಭ್ಯರ್ಥಿಗಳು 434 ಎಂಬ ಸಂಖ್ಯೆಯನ್ನು ಅದರ ಕಾರಣದೊಡನೆ ನೆನಪಿನಲ್ಲಿಡತಕ್ಕದ್ದು.