ಪರಿಮಿತ ಸ್ಥಿತಿಯಂತ್ರ ಮತ್ತು ಕನ್ನಡ ವಾಕ್ಯದ ಅರ್ಥ

ಭಾರತೀಯ ಭಾಷೆಗಳು ಕಂಪ್ಯೂಟರನ್ನು ಪ್ರವೇಶಿಸಿದ ಚರಿತ್ರೆಯಲ್ಲಿ ಪುಣೆಗೆ ವಿಶಿಷ್ಟ ಸ್ಥಾನವಿದೆ. 1988ರಲ್ಲಿ ಅಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯ ‘ಜಿಸ್ಟ್’ ತಂತ್ರಜ್ಞಾನವು ಕನ್ನಡವೂ ಸೇರಿದಂತೆ ಹಲವು ಲಿಪಿಗಳನ್ನು ಪರದೆಯ ಮೇಲೆ ತಂದಿತು. ಆದರೆ ಅಕ್ಷರವನ್ನು ಮೂಡಿಸುವ ಯಂತ್ರವು ಅರ್ಥವನ್ನೂ ಗ್ರಹಿಸಬಲ್ಲುದೆ? ಗಣಕಗಣಿತದ ಅತ್ಯಂತ ಸರಳ ಮಾದರಿಗಳಲ್ಲೊಂದಾದ ‘ಪರಿಮಿತ ಸ್ಥಿತಿಯಂತ್ರ’ದ ಮೂಲಕ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಯಂತ್ರಕ್ಕೆ ಎಣಿಕೆಗೆ ಸಿಗುವಷ್ಟೇ ಸ್ಥಿತಿಗಳಿರುತ್ತವೆ. ಒಂದೊಂದು ಘಟಕವನ್ನು ಓದಿದಾಗಲೂ ಅದು ಒಂದು ಸ್ಥಿತಿಯಿಂದ ಮತ್ತೊಂದಕ್ಕೆ ಸಾಗುತ್ತದೆ. ತಾನಿರುವ ಸ್ಥಿತಿಯ ಹೊರತು ಅದಕ್ಕೆ ಬೇರೆ ನೆನಪಿಲ್ಲ. ಕನ್ನಡದ ಪದರಚನೆಗೆ ಇದು ಚೆನ್ನಾಗಿ ಒಗ್ಗುತ್ತದೆ. ‘ಮರಗಳಿಗೆ’ ಎಂಬಲ್ಲಿ ಪ್ರಕೃತಿ, ಬಹುವಚನ, ವಿಭಕ್ತಿ ಎಂಬ ಕ್ರಮವು ತಪ್ಪುವಂತಿಲ್ಲ. ಕನ್ನಡದಂತೆಯೇ ಪ್ರತ್ಯಯಬಹುಳವಾದ ಫಿನ್ನಿಶ್ ಭಾಷೆಗೆ ಕಿಮ್ಮೊ ಕೊಸ್ಕೆನ್ನಿಯೆಮಿ ಅವರು 1983ರಲ್ಲಿ ಈ ಬಗೆಯ ಯಂತ್ರಗಳಿಂದಲೇ ಪದವಿಶ್ಲೇಷಣೆಯನ್ನು ಸಾಧಿಸಿ ತೋರಿಸಿದರು.

ಅರ್ಥದ ಪ್ರಶ್ನೆ ಇಷ್ಟು ಸುಲಭವಲ್ಲ. ಈ ಪ್ರಯೋಗಗಳನ್ನು ಗಮನಿಸಬಹುದು:

1. ಅವನು ಪುಣೆಗೆ ಹೋದನು.
2. ಅವನು ಎಂಟು ಗಂಟೆಗೆ ಹೋದನು.
3. ಅವನಿಗೆ ಹಣ ಕೊಟ್ಟರು.
4. ಅವನಿಗೆ ಹಸಿವಾಯಿತು.

ನಾಲ್ಕರಲ್ಲಿಯೂ ವಿಭಕ್ತಿ ಚತುರ್ಥಿಯೇ. ಅರ್ಥ ಮಾತ್ರ ಕ್ರಮವಾಗಿ ಗಮ್ಯ, ಕಾಲ, ಪಡೆಯುವವನು, ಅನುಭವಿಸುವವನು. ಮೊದಲೆರಡನ್ನು ನಾಮಪದದ ವರ್ಗವೇ ಬೇರ್ಪಡಿಸುತ್ತದೆ. ‘ಅವನಿಗೆ’ ಎಂಬುದರ ಅರ್ಥವಾದರೋ ಕೊನೆಯಲ್ಲಿ ಬರುವ ಕ್ರಿಯಾಪದದಿಂದ ನಿರ್ಣಯವಾಗುತ್ತದೆ. ಅಲ್ಲಿಯವರೆಗೆ ಯಂತ್ರವು ಎರಡೂ ಸಾಧ್ಯತೆಗಳನ್ನು ತನ್ನ ಸ್ಥಿತಿಯಲ್ಲಿ ಹೊತ್ತು ಸಾಗಬೇಕು. ಸಾಧ್ಯತೆಗಳು ಪರಿಮಿತವಾದುದರಿಂದ ಇದು ಶಕ್ಯವೇ.

ಯಂತ್ರದ ಮೇರೆ ಗೋಚರಿಸುವುದು ವಾಕ್ಯದೊಳಗೆ ವಾಕ್ಯ ಸೇರಿದಾಗ: ‘ತಾಯಿ, ಮಗನು ನೆಂಟರು ಬಂದರೆಂದು ಹೇಳಿದನೆಂದು, ನಂಬಿದಳು.’ ಇಲ್ಲಿ ಕೊನೆಯ ಕರ್ತೃವಿಗೆ ಮೊದಲ ಕ್ರಿಯೆ, ಮೊದಲ ಕರ್ತೃವಿಗೆ ಕೊನೆಯ ಕ್ರಿಯೆ. ಇಂತಹ ಹೆಣಿಗೆಗೆ ನಿಯಮದಲ್ಲಿ ಮಿತಿಯಿಲ್ಲ. ಯಂತ್ರದ ಸ್ಥಿತಿಗಳಿಗೆ ಮಿತಿಯಿದೆ. ನೋಮ್ ಚಾಮ್‌ಸ್ಕಿ ಅವರು 1957ರಲ್ಲಿ ಇಂಗ್ಲಿಷನ್ನು ಕುರಿತು ಎತ್ತಿದ ಆಕ್ಷೇಪದ ತಿರುಳೂ ಇದೇ. ಆದರೆ ಆಡುವವರೂ ಎರಡು ಮೂರು ಹಂತಗಳನ್ನು ಮೀರುವುದು ವಿರಳ. ಆದ್ದರಿಂದ ವ್ಯವಹಾರಕ್ಕೆ ಈ ಯಂತ್ರ ಬಹುಮಟ್ಟಿಗೆ ಸಾಲುತ್ತದೆ, ಸಿದ್ಧಾಂತಕ್ಕೆ ಸಾಲದು.

ಒಂದು ಮಾತು ಸ್ಪಷ್ಟ. ಯಾವ ನಾಮಪದ ಸ್ಥಳವಾಚಿ, ಯಾವ ಕ್ರಿಯೆ ಅನುಭವಸೂಚಕ ಎಂಬುದನ್ನು ಯಂತ್ರ ತಾನಾಗಿ ಅರಿಯದು. ಆ ವಿಂಗಡಣೆಯನ್ನು ಒದಗಿಸಬೇಕಾದವನು ವೈಯಾಕರಣ. ವಿಭಕ್ತಿಪಲ್ಲಟವನ್ನು ಗುರುತಿಸಿದ ಹಳಗನ್ನಡ ವ್ಯಾಕರಣಪರಂಪರೆಗೆ ರೂಪ ಬೇರೆ, ಅರ್ಥ ಬೇರೆ ಎಂಬ ವಿವೇಕವಿತ್ತು. ಅದನ್ನು ಕೈಬಿಟ್ಟು ಇಂಗ್ಲಿಷಿನ ಚೌಕಟ್ಟನ್ನೇ ಯಂತ್ರಕ್ಕೆ ತುಂಬಿದರೆ, ‘ಅವನಿಗೆ ಹಸಿವಾಯಿತು’ ಎಂಬಷ್ಟು ಸಹಜವಾದ ಕನ್ನಡವೂ ಅಪವಾದವೆನಿಸಿಬಿಡುತ್ತದೆ.